ದಪ್ಪ ತಂತಿಯ ಶಶಿಗೆ

ಹನಗೋಡು
21 ನವೆಂಬರ್ 1999

ಪ್ರೀತಿಯ ಶಶಿಗೆ,

ಏಳು ತಿಂಗಳಾದ ಮೇಲೆ ಈಗ ನೆನಪಾದೆನೇ ಎಂದು ನೀನು ಬೈಯುವ ಮೊದಲೇ ತಪ್ಪಾಯಿತು ಎಂದು ಬರೆದುಬಿಡುತ್ತೇನೆ. ಹೊಗೆಸೊಪ್ಪು ಬೇಯಿಸುವ ಕಾಲ, ಸೊಪ್ಪು ಒಣಗಿಸುವ ಬ್ಯಾರನ್ನಿಗೆ ಸೌದೆ ಹೊಂದಿಸಬೇಕಿತ್ತು, ಹರಾಜಿಗೆ ಓಡಾಡಬೇಕಿತ್ತು ಎಂದು ನೆಪ ಹೇಳಬಹುದು. ಆದರೆ ಅದರ ನಡುವೆಯೂ ಉಳಿದವರಿಗೆಲ್ಲ ಹೊತ್ತು ಮಾಡಿಕೊಂಡಿದ್ದೇನೆ, ನಿನಗೆ ಮಾತ್ರ ಆಗಲಿಲ್ಲ. ಮೂರು ಸಲ ಬರೆಯಲು ಕೂತು ಮೂರು ಸಲವೂ ಎದ್ದು ಹೋದೆ. ಒಂದು ಕಡೆ ಕೂರುವ ಆಸಾಮಿ ನಾನಲ್ಲ ಅನ್ನುವುದು ನಿನಗೇ ಗೊತ್ತು. ಈಗಲೂ ಎಡಗೈ ಮೇಜು ಕುಟ್ಟುತ್ತಿದೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೇ.

ಅವ್ವ ಚೆನ್ನಾಗಿದ್ದಾಳೆ. ಅವಳು ಸೊಪ್ಪನ್ನು ಕಡ್ಡಿಗೆ ಕಟ್ಟುವಾಗ ನಾನು ಪಕ್ಕದಲ್ಲಿ ಕೂತು ತಗಡಿನ ಡಬ್ಬ ಬಾರಿಸಿದರೆ, "ಕೈಗೆ ಏನ್ಲಾ ಬಂದದೆ ನಿಂಗೆ? ಸುಮ್ಕೆ ಕುಂತ್ಕೊ" ಎಂದು ಗದರುತ್ತಾಳೆ. ಮೊನ್ನೆ ಹುಣಸೂರು ಸಂತೆಯಲ್ಲಿ ನಿಮ್ಮವ್ವ ಮಾಯಮ್ಮ ಸಿಕ್ಕಿದ್ದರು. ನೀನು ವಿರಾಜಪೇಟೆಯಲ್ಲಿ ಮಾವನ ಟೈರ್ ಅಂಗಡಿಯಲ್ಲಿ ಪಂಚರ್ ಹಾಕಿಕೊಂಡು ಆರಾಮಾಗಿದ್ದೀಯ ಎಂದರು. ಆಮೇಲೆ ದನಿ ತಗ್ಗಿಸಿ, "ಗಿಟಾರ್ ಮುಟ್ತಾನೆ ಇಲ್ಲ ಕಣಪ್ಪ. ತಂತಿಯೆಲ್ಲ ಬಿಚ್ಚಿ ಡಬ್ಬಿಗಾಕವ್ನೆ" ಎಂದರು. ಆ ಮಾತು ಕೇಳಿ, ಕೊಂಡ ಬದನೆಕಾಯಿಯನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದೆ.

ಗುರುಪುರದಲ್ಲಿ ಟಿಬೆಟಿನವರ ಸ್ವೆಟರ್ ಅಂಗಡಿಯಿಂದ ನಾವಿಬ್ಬರೂ ತಂದ ಕ್ಯಾಸೆಟ್ಟು ಇನ್ನೂ ನನ್ನ ಹತ್ತಿರವೇ ಇದೆ. ಹೊದಿಕೆಯ ಕಾಗದ ಇರಲಿಲ್ಲ, ಮೇಲೆ ಪೆನ್ನಿನಲ್ಲಿ ‘ಫಂಕ್’ ಎಂದಷ್ಟೇ ಗೀಚಿತ್ತು. ಅಮೆರಿಕದ ಕಪ್ಪು ಜನರ ಹಳೇ ಬ್ಯಾಂಡುಗಳು ಎಂದು ಅಂಗಡಿಯವನು ಹೇಳಿದ್ದು ಬಿಟ್ಟರೆ ನಮಗೆ ಒಬ್ಬರ ಹೆಸರೂ ಗೊತ್ತಾಗಲಿಲ್ಲ. ಹಾಡಿನ ಒಂದು ಮಾತೂ ತಿಳಿಯಲಿಲ್ಲ, ಬೇಕೂ ಆಗಲಿಲ್ಲ. ಎಲ್ಲರೂ ಹಾಡುವವನನ್ನು ಕೇಳಿದರೆ ನಾವು ಅವನ ಬೆನ್ನ ಹಿಂದೆ ನುಸುಳಿ, ನೀನು ದಪ್ಪ ತಂತಿಯ ಬೇಸ್ ಗಿಟಾರಿನವನ ಪಕ್ಕ ಕೂತೆ, ನಾನು ಡ್ರಮ್ಮಿನವನ ಪಕ್ಕ. ನಿನ್ನವನು ಹೆಬ್ಬೆರಳಲ್ಲಿ ತಂತಿಗೆ ಬಡಿದು, ಮರುಗಳಿಗೆ ಅದನ್ನು ಕಿತ್ತಂತೆ ಎಳೆದು ಬಿಡುತ್ತಾನಲ್ಲ, ಅದನ್ನು ಕೇಳಿ ಇಬ್ಬರು ನುಡಿಸುತ್ತಿದ್ದಾರೆ ಎಂದೇ ನೀನು ವಾದ ಮಾಡಿದ್ದೆ. ನನ್ನವನೋ, ದೊಡ್ಡ ಏಟುಗಳ ನಡುವೆ ಕಡ್ಡಿಯಿಂದ ಚರ್ಮವನ್ನು ಮುಟ್ಟಿಯೂ ಮುಟ್ಟದ ಹಾಗೆ ಸವರುತ್ತಾನೆ. ಅಷ್ಟು ಸಣ್ಣ ಕೆಲಸಕ್ಕೆ ಅಷ್ಟು ಮರ್ಯಾದೆ ಕೊಟ್ಟವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಿಮ್ಮಪ್ಪನ ಟೇಪ್ ರೆಕಾರ್ಡರಿನ ಬೆಲ್ಟು ಸಡಿಲವಾಗಿ ನಿಧಾನ ಓಡುತ್ತಿದೆ ಎನ್ನುವುದು ಒಂದು ವರ್ಷ ನಮ್ಮ ಬುದ್ಧಿಗೆ ಹೊಳೆಯಲೇ ಇಲ್ಲ. ಅದರ ಶ್ರುತಿಗೆ ಹೊಂದಲೆಂದು ನೀನು ತಂತಿಗಳನ್ನೆಲ್ಲ ಇಳಿಸಿಕೊಂಡಿದ್ದೆ. ಕೆ.ಆರ್. ನಗರದ ಆರ್ಕೆಸ್ಟ್ರಾ ಕಾರ್ಯಕ್ರಮದಲ್ಲಿ ಏರಿಸಲು ಮರೆತು ಹಾಗೇ ನುಡಿಸಿದಾಗ, ಹಾಡುತ್ತಿದ್ದ ಉಷಾರಾಣಿ ತಿರುಗಿ ನೋಡಿದ ನೋಟಕ್ಕೆ ಹಾಲೂ ಒಡೆಯಬೇಕಿತ್ತು. ಬೆಲ್ಟು ಬದಲಾಯಿಸಿದ ದಿನ ಹಾಡು ಎದ್ದುಬಿದ್ದು ಓಡಿತು. "ಲೇ, ಇವ್ರು ಮನ್ಸರೇನ್ಲಾ?" ಎಂದು ನೀನು ನೆಲದ ಮೇಲೆ ಕೂತುಬಿಟ್ಟೆ. ವರ್ಷವಿಡೀ ಕಲಿತದ್ದು ನೀರಿನಲ್ಲಿ ಹೋಮ. ಮಾರನೇ ದಿನದಿಂದ ಮತ್ತೆ ಮೊದಲಿನಿಂದ ಶುರು ಮಾಡಿದೆವು. ಅಷ್ಟು ಖುಷಿಯಿಂದ ನಾನು ಯಾವ ಕೆಲಸವನ್ನೂ ಎರಡನೇ ಸಲ ಮಾಡಿಲ್ಲ.

ಏಪ್ರಿಲ್‌ನಲ್ಲಿ ನಮ್ಮ ಆರ್ಕೆಸ್ಟ್ರಾದ ಯಜಮಾನ ನಂಜುಂಡೇಶಣ್ಣ ಹೊಸ ಕೀಬೋರ್ಡು ತಂದು ನಿನ್ನನ್ನು ಬಿಡಿಸಿದರಲ್ಲ, ಅವತ್ತಿನಿಂದ ನನಗೆ ನೆಮ್ಮದಿಯಿಲ್ಲ. ನಾನು ದೊಡ್ಡ ಡ್ರಮ್ಮಿನ ಪೆಡಲ್ಲಿಗೆ ಬಲಗಾಲು ಒತ್ತಿದಾಗ ಅದೇ ಗಳಿಗೆಯಲ್ಲಿ ನೀನಿರುತ್ತಿದ್ದೆ. ಈಗ ನಿನ್ನ ಬೇಸನ್ನು ನುಡಿಸುವ ಕೀಬೋರ್ಡಿನವನ ಎಡಗೈ ಇರುತ್ತದೆ, ಅದು ನನ್ನ ಕಡೆ ಕಿವಿಗೊಡುವುದಿಲ್ಲ. ಖಾಲಿ ಬಿಡಲು ಹೆದರಿ ಸಂದುಸಂದಿಗೂ ಏಟು ತುಂಬುತ್ತೇನೆ.

ಹೋದ ವಾರ ಸಾಲಿಗ್ರಾಮದಲ್ಲಿ ಮಧ್ಯಾಹ್ನದ ಮದುವೆ ಮುಗಿಸಿ ಡ್ರಮ್ಮು ಬಿಚ್ಚುತ್ತಿದ್ದೆ. ತಮಟೆಯ ಚಿಕ್ಕಮಾದಯ್ಯನವರು ಬಂದು ನಿಂತರು. "ಬೋ ಒಡ್ದೆ ಕಣ್ಲಾ ಮಗ. ಯಾರ್ ಮ್ಯಾಗಲಾ ಸಿಟ್ಟು?" ಎಂದರು. ನಾನು ವ್ಯಾನಿನ ಟೇಪಿನಲ್ಲಿ ನಮ್ಮ ಕ್ಯಾಸೆಟ್ಟು ಹಾಕಿದೆ. ಒಂದು ಬೀಡಿ ಮುಗಿಯುವ ತನಕ ಕಣ್ಣು ಮುಚ್ಚಿ ಕೇಳಿದರು. "ಇವ್ನು ಒಡೆಯೋಕಿಂತ ಬುಡೋದೇ ಜಾಸ್ತಿ. ಬುಟ್ಟ ಜಾಗ್ದಲ್ಲಿ ಆ ದಪ್ಪ ತಂತಿಯವ್ನು ಬಂದು ಕುಂತ್ಕತಾನೆ. ಇಬ್ರೂ ಒಂದೇ ತಟ್ಟೇಲಿ ಉಂಡೋರು ಕಣ್ಲಾ" ಎಂದರು. ಆಮೇಲೆ ನೆಟ್ಟಗೆ ಕೇಳಿದರು: "ನಿನ್ ಜತೆಗಾರ ಎಲ್ಲೋದ?" ಅವನೇ ಬಿಟ್ಟು ಹೋದ ಎಂದೆ. ಅವರು ತಮಟೆ ಹೆಗಲಿಗೇರಿಸಿಕೊಂಡು ಹೊರಟರು.

ಅದಕ್ಕೇ ಈ ಪತ್ರ. ಡಿಸೆಂಬರ್ 5, ಭಾನುವಾರ, ಪಿರಿಯಾಪಟ್ಟಣದಲ್ಲಿ ಒಂದು ಆರತಕ್ಷತೆ ಇದೆ. ನೀನು ಬರಬೇಕು. ಶಶಿ ಇಲ್ಲದಿದ್ದರೆ ನಾನೂ ಕೂರುವುದಿಲ್ಲ ಎಂದು ನಂಜುಂಡೇಶಣ್ಣನಿಗೆ ಹೇಳಿಬಿಟ್ಟಿದ್ದೇನೆ. "ಬರ್ಲಿ ಕಣಯ್ಯ, ಬ್ಯಾಡ ಅಂದೋನು ನಾನಾ?" ಎಂದು ಅವರು ನನ್ನ ಮುಖವನ್ನೇ ನೋಡಿದರು. ನಾನು ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ಗಿಟಾರಿಗೆ ತಂತಿ ಹಾಕು. ಬೆರಳು ಜಡ್ಡುಗಟ್ಟಿದ್ದರೆ ಎರಡು ದಿನ ಮೊದಲೇ ಬಾ, ನಮ್ಮನೆಯಲ್ಲೇ ಇರು. ಅವ್ವ ನಿನಗೆ ಒಳ್ಳೆಯದಾಗಲಿ ಎಂದು ಹೇಳಿ, ಉಪ್ಸಾರು ಮಾಡುತ್ತೇನೆ ಎಂದೂ ಬರೆಯಲು ಹೇಳಿದಳು. ಮಾವನಿಗೆ ನನ್ನ ನಮಸ್ಕಾರ ತಿಳಿಸು. ನೀನು ಎಲ್ಲಿದ್ದರೂ ನಿನ್ನ ಕೈ ಚೆನ್ನಾಗಿರಲಿ.

ನಿನ್ನ,
ವಸಂತ

ಮರೆತ ಮಾತು: ಮರೆತದ್ದಲ್ಲ, ಸಹಿ ಹಾಕಿದ ಮೇಲೆ ಬರೆಯಲು ಧೈರ್ಯ ಬಂತು. ಕೀಬೋರ್ಡು ಬಂದ ದಿನ ನಂಜುಂಡೇಶಣ್ಣ ತೆಗೆಯಬೇಕೆಂದಿದ್ದದ್ದು ನನ್ನನ್ನು. ಅದರಲ್ಲಿ ಒಂದು ಗುಂಡಿ ಒತ್ತಿದರೆ ಡ್ರಮ್ಮು ತಾನೇ ಬಾರಿಸಿಕೊಳ್ಳುತ್ತಿತ್ತು. "ಶಶಿ ಇರ್ಲಿ, ನೀನು ಬೇರೆ ಕಡೆ ನೋಡ್ಕೊ ವಸಂತ" ಎಂದರು. ನಾನೇ ಅದರ ಎಡಗಡೆಯ ದಪ್ಪ ಸ್ವರದ ಮನೆಗಳನ್ನು ಒತ್ತಿ ತೋರಿಸಿ, "ನೋಡಣ್ಣ, ಬೇಸೂ ಇದ್ರಲ್ಲೇ ಅದೆ. ಶಶಿ ಇಲ್ದಿದ್ರೆ ಯಾರ್ಗ್ ಗೊತ್ತಾಯ್ತದೆ?" ಎಂದೆ. ಆ ಸಂಜೆ ಲಕ್ಷ್ಮಣತೀರ್ಥದ ಸೇತುವೆಯ ಮೇಲೆ ನೀನು ನನ್ನ ಹೆಗಲಿಗೆ ತಲೆಯಿಟ್ಟು ಅತ್ತಾಗ, ನಾನೂ ನಿನ್ನ ಜೊತೆ ಸೇರಿಕೊಂಡು ಅವರನ್ನು ಬೈದೆ. "ಓಗ್ಲಿ ಬುಡು, ನೀನಾರ ಉಳ್ಕಂಡಲ್ಲ" ಎಂದು ನೀನು ನನ್ನ ಬೆನ್ನು ಸವರಿದೆ. ಅದಕ್ಕೆ ನಾನು ಹೂಂ ಅಂದೆ ಕಣೋ.