ಬಾಗಿಲಲ್ಲಿದ್ದ ಪೊರಕೆ

ಪಾವಗಡ, ಶುಕ್ರವಾರ

ತಂಗಿ ಕೊಲ್ಲಾಪುರಮ್ಮನಿಗೆ ಅಕ್ಕ ಬರೆಯುವುದು. ಪೋಸ್ಟಿನವನು ಓದಿದರೆ ಓದಲಿ.

ಮೊಮ್ಮಗಳು ಹರ್ಷಿತಾಳ ಶೆಡ್ಡಿನಲ್ಲಿ ಎಂಜಿನ್ನು ಡೀಸೆಲ್ ಬದಲು ಹೈಡ್ರೋಜನ್ ಗ್ಯಾಸ್ ಕುಡಿಯುತ್ತದೆ. ಆ ಗ್ಯಾಸು ಕಿಡಿ ಕೊಡುವ ಮೊದಲೇ ಹೊತ್ತಿಕೊಂಡು ಪೈಪಿಗೇ ತಿರುಗಿ ಬಡಿಯುತ್ತದಂತೆ. ಅದನ್ನು ಹದಕ್ಕೆ ತರುವುದೇ ಹರ್ಷಿತಾ ಮತ್ತು ಜೊತೆಯವರ ಕೆಲಸ. ಆ ಬೆಂಕಿ ಹಗಲಲ್ಲಿ ಕಾಣುವುದಿಲ್ಲ. ಅದಕ್ಕೇ ಪೊರಕೆ ಮುಂದೆ ಚಾಚಿಕೊಂಡು ನಡೆಯುತ್ತಾರೆ. ಪೊರಕೆ ಹೊತ್ತಿದರೆ ಅಲ್ಲಿ ಬೆಂಕಿಯಿದೆ ಎಂದು ಲೆಕ್ಕ.

ನನಗೇನು ಗೊತ್ತು? ಸೋಮವಾರ ಬುತ್ತಿ ಕೊಡಲು ಹೋದವಳು, "ಲಕ್ಷ್ಮಿ ಬರೋ ಬಾಗ್ಲಲ್ಲಿ ಪೊರಕೆ ನಿಲ್ಸವ್ರೆ, ದರಿದ್ರದವು" ಎಂದು ಬೈದು ಡ್ರಮ್ಮಿನ ಹಿಂದೆ ಬಚ್ಚಿಟ್ಟೆ. ಸ್ವಲ್ಪ ಹೊತ್ತಿಗೆ ಎಂಜಿನ್ನು ಢಮ್ಮೆಂದು ಪೈಪು ಬಿರಿಯಿತು. ಹರ್ಷಿತಾಳ ಜೊತೆ ಕೆಲಸ ಮಾಡುವ ಸಿರಾದ ಯಾಸೀನ್ ಪೊರಕೆಗೆ ತಡಕಾಡಿ, ಸಿಗದೆ, ಗ್ಯಾಸ್ ನಿಲ್ಲಿಸಲು ಹಾಗೇ ನುಗ್ಗಿದ. ಎರಡೂ ಅಂಗೈ ಬೆಂದುಹೋದವು.

"ಪೊರಕೆ ಎತ್ತಿದ್ಯಾರಜ್ಜಿ?" ಎಂದಳು ಹರ್ಷಿತಾ. ಊರನ್ನೇ ಬೈಯುವ ನಾನು ಬುತ್ತಿಯ ಚೀಲ ಮಡಚುತ್ತಾ ನಿಂತೆ.

ಆಸ್ಪತ್ರೆಯಲ್ಲಿ ಯಾಸೀನನ ತಾಯಿ ಚಾಂದ್ ಬಿ, "ದೊಡ್ಡೋರು ನೀವು, ನನ್ ಮಗನ್ಗೆ ದುವಾ ಮಾಡಿ ಅಮ್ಮಾ" ಎಂದು ನನ್ನ ಕೈಯನ್ನೇ ಹಿಡಿದು ಅವನ ತಲೆಯ ಮೇಲಿಟ್ಟಳು.

ಬಿ.ಪಿ. ಮಾತ್ರೆ ನುಂಗುತ್ತಿದ್ದೇನೆ. ನಮ್ಮ ಹಂಚಿಕಡ್ಡಿ ಪೊರಕೆ ಎರಡನ್ನು ಬಸ್ಸಿನಲ್ಲಿ ಕಳಿಸು, ಬಾಗಿಲಲ್ಲಿ ನಾನೇ ನಿಲ್ಲಿಸುತ್ತೇನೆ. ಈಗ, ಪೊರಕೆ ಬಚ್ಚಿಟ್ಟವಳು ನಾನೇ ಎಂದು ಚಾಂದ್ ಬಿಗೆ ಹೇಳಲು ಹೊರಟಿದ್ದೇನೆ.

ಅಕ್ಕ