ಎರಡನೇ ಹೊಟ್ಟೆಯಲ್ಲಿ ತಂತಿ

ಅಪ್ಪನಿಗೆ ಶಿರೀಷಾಳ ನಮಸ್ಕಾರಗಳು.

ಸೀಮೆಹಸು ಸತ್ತ ಸುದ್ದಿಯನ್ನು ಅಮ್ಮ ಹೇಳಿದಳು. ಕೊಯ್ದು ನೋಡಿದ ಡಾಕ್ಟರಿಗೆ ಅದರ ಹೃದಯದಲ್ಲಿ ತಂತಿ ಸಿಕ್ಕಿತಂತೆ. ಹೋದ ವಾರ ನಾನು ಫೋನಿನಲ್ಲಿ ಹೇಳಿದ್ದೂ ಅದನ್ನೇ. ಹಸುವಿನ ನಾಲ್ಕು ಹೊಟ್ಟೆಗಳಲ್ಲಿ ಎರಡನೆಯದಕ್ಕೂ ಹೃದಯಕ್ಕೂ ನಡುವೆ ಇರುವುದು ತೆಳುವಾದ ಒಂದು ಪರದೆ; ಮೇವಿನ ಜೊತೆ ನುಂಗಿದ ತಂತಿ ಅದನ್ನು ತೂರಿ ಹೃದಯಕ್ಕೆ ಚುಚ್ಚುತ್ತದೆ. ಪಶುವೈದ್ಯ ಕಾಲೇಜಿನಲ್ಲಿ ಮೊದಲ ವರ್ಷದ ಮಕ್ಕಳಿಗೆ ನಾನು ಕಲಿಸುವುದೇ ಇದನ್ನು. ಕೊರಳ ಕೆಳಗಿನ ಗಂಗೆದೊಗಲು ಊದಿದೆ, ಮಲಗಲು ಒದ್ದಾಡುತ್ತಿದೆ ಎಂದು ನೀವು ಹೇಳಿದ ಕೂಡಲೇ, ಬಂದು ನೋಡುತ್ತೇನೆ ಎಂದೆ. ನೀವು ನಕ್ಕಿರಿ.

"ನೀನು ಪಾಠ ಹೇಳೋಳು ಕಣಮ್ಮ. ವೈದ್ಯ ಮಾಡಕ್ಕೆ ಗಂಡುಮಗ ಮುರಳಿ ಇಲ್ವಾ?"

ನನ್ನ ತಮ್ಮ ಮುರಳಿ ಟ್ರ್ಯಾಕ್ಟರ್ ಬಿಡಿಭಾಗ ಮಾರುವವನು. ಅಜೀರ್ಣವೆಂದು ಶುಂಠಿ ಕಷಾಯ ಕುಡಿಸಿದ.

ಹೇಳದೆ ಕೇಳದೆ ನಮ್ಮೂರು ಮೇಲೂರಿನ ಬಸ್ಸು ಹತ್ತಬೇಕಿತ್ತೇ ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಬಂದಿದ್ದರೂ ಕಾಫಿ ಕೊಟ್ಟು ನಡುಮನೆಯಲ್ಲಿ ಕೂರಿಸುತ್ತಿದ್ದಿರಿ, ಕೊಟ್ಟಿಗೆಗೆ ಬಿಡುತ್ತಿರಲಿಲ್ಲ.

ಹುಳುಮನೆಯಲ್ಲಿ ಹುಳು ಸಾಕುವ ತಟ್ಟೆ ಬಿಗಿಯುವ ತಂತಿಯ ತುಂಡುಗಳು ರೇಷ್ಮೆಹುಳು ತಿಂದುಳಿದ ಸೊಪ್ಪಿಗೆ ಸೇರುತ್ತವೆ. ಅದನ್ನೇ ದನಕ್ಕೆ ಹಾಕುತ್ತೀರಿ. ದಯವಿಟ್ಟು ಇನ್ನು ಮೇಲೆ ಕೊಡವಿ, ನೋಡಿ ಹಾಕಿ.

ಗಬ್ಬದ ಕಡಸು ಉಳಿದಿದೆ. ಅದೂ ಆ ಸೊಪ್ಪನ್ನೇ ತಿಂದಿದೆ. ಇದರ ಜೊತೆ ಬೆರಳುದ್ದದ ಒಂದು ಅಯಸ್ಕಾಂತ ಕಳಿಸಿದ್ದೇನೆ. ನುಂಗಿಸಿದರೆ ಎರಡನೇ ಹೊಟ್ಟೆಯಲ್ಲಿ ಕೂತು, ತಂತಿಯಿದ್ದರೆ ಅಲ್ಲೇ ಹಿಡಿದಿಡುತ್ತದೆ. ನಾನು ಕಳಿಸಿದ್ದೆಂದು ಮೂಲೆಗೆ ಹಾಕಬೇಡಿ. ಮುರಳಿಯೇ ತಂದನೆಂದುಕೊಂಡಾದರೂ ನುಂಗಿಸಿ.

ಇಂತಿ,
ನಿಮ್ಮ ಮಗಳು
ಶಿರೀಷಾ