ಸೊಲ್ಲು ಕೊಡುವವರು

ಜನವರಿ 12, ಭಾನುವಾರ

ಮತ್ತೆ ಸಾಂತಾಕ್ರೂಜ್ ಹೋಟೆಲ್, ಮತ್ತೆ ಬ್ರಂಚ್. ಜನ ವಾಫಲ್ ಮೇಲೆ ಜೇನು ಸುರಿದುಕೊಳ್ಳುತ್ತಾರೆ, ನಾನು ಬ್ಲೂಸ್ ಹಾಡುತ್ತೇನೆ. ಹಾಡಿನೊಳಗೆ ಯಾರದೋ ಎದೆ ಒಡೆಯುವ ಹೊತ್ತಿಗೆ ಸರಿಯಾಗಿ ವೇಟರ್ ಬಂದು ಸಾಸ್ ಬೇಕೇ ಎಂದು ಕೇಳುತ್ತಾನೆ.

ಬಾಗಿಲಲ್ಲಿ ಪೋಸ್ಟರ್ ಹಾಗೇ ಇದೆ — ಹರಿಣಿ ಮತ್ತು ಪ್ರಶಾಂತ, ಹಾಡುವ ದಂಪತಿ. ದಂಪತಿ ಅಂತೆ! ನವೆಂಬರಿನಲ್ಲಿ ನಾನು ಆಫೀಸಿನಲ್ಲಿದ್ದಾಗ ಪ್ರಶಾಂತ ಗಿಟಾರ್, ಬಟ್ಟೆ, ದೊಡ್ಡ ಕುಕ್ಕರ್ ಎತ್ತಿಕೊಂಡು ಹೋದ. ಚಾವಿ ಪಕ್ಕದ ಮನೆಯಲ್ಲಿ ಕೊಟ್ಟಿದ್ದ. ಯಾಕೆ ಎಂದು ಈವರೆಗೆ ಬಾಯಿ ಬಿಟ್ಟಿಲ್ಲ. ಫೋನ್ ಮಾಡಿದರೆ "ಆಮೇಲೆ ಮಾತಾಡುವ". ಭಾನುವಾರ ಮಾತ್ರ ತಪ್ಪದೆ ಬಂದು ಪಕ್ಕದಲ್ಲಿ ಕೂತು ತಂತಿ ಬಿಗಿಯುತ್ತಾನೆ. ಮ್ಯಾನೇಜರ್ ಪ್ರೀತಮ್‌ಗೆ ಜೋಡಿಯೇ ಬೇಕು. ನನಗೂ ಬೇರೆ ಸ್ಟೇಜ್ ಇಲ್ಲ.

ಅವನು ವಾಪಸ್ ಬರುವುದು ಬೇಡ. ಕುಕ್ಕರೂ ಬೇಡ. ಯಾಕೆ ಹೋದೆ ಎನ್ನುವುದಕ್ಕೆ ಒಂದು ಮಾತು ಬೇಕು, ಅಷ್ಟೇ.

ಜನವರಿ 14, ಬೆಳಿಗ್ಗೆ, ಲೋಕಲ್ ರೈಲಿನಲ್ಲಿ

ಅಪರೂಪಕ್ಕೆ ಸೀಟು. ಅದಕ್ಕೇ ಇರಬೇಕು, ಒಂದು ಸಾಲು ಬಂತು. ಅದೂ ಕನ್ನಡದಲ್ಲಿ. ಇಷ್ಟು ವರ್ಷ ಹಾಡಿದ್ದೆಲ್ಲ ಇಂಗ್ಲಿಷ್.

ಬಾಗಿಲೆಳೆದು ಹೋದೆಯಲ್ಲ, ಯಾಕೆ ಅಂತ ಹೇಳದೆ
ಬಾಗಿಲೆಳೆದು ಹೋದೆಯಲ್ಲ, ಯಾಕೆ ಅಂತ ಹೇಳದೆ
ಪಕ್ಕದವಳ ಕೈಲಿ ಚಾವಿ, ನನ್ನ ಕೈಲಿ ಏನಿದೆ

ಬ್ಲೂಸ್ ಎಂದರೆ ಇಷ್ಟೇ. ಒಂದು ಸಾಲು, ಅದೇ ಮತ್ತೊಮ್ಮೆ, ಮೂರನೆಯದು ತಿರುಗಿ ಹೊಡೆಯುತ್ತದೆ. ಪ್ರತಿ ಸಾಲಿನ ಕೊನೆಗೆ ಜಾಗ ಬಿಡಬೇಕು. ಅಲ್ಲಿ ಗಿಟಾರ್ ಉತ್ತರ ಕೊಡುತ್ತದೆ. ಎರಡೆರಡು ಸಲ ಯಾಕೆ? ಮೊದಲ ಸಲ ಹೇಳಿದರೆ ಯಾರೂ ನಂಬುವುದಿಲ್ಲ, ಅದಕ್ಕೆ.

ಸಂಜೆ — ಅವನು ಹೋದ ಮೇಲೆ ಊರಿಂದ ಬಂದ ಅಮ್ಮ ಬೂತಾಯಿ ಮೀನು ಶುಚಿ ಮಾಡುತ್ತಿದ್ದಳು. ಹಾಡಿ ತೋರಿಸಿದೆ. "ಇದೇನು ಹೊಸತಾ? ನಾಟಿ ಗದ್ದೆಯಲ್ಲಿ ನಾವೂ ಹೀಗೇ. ಒಬ್ಬಳು ಎತ್ತುವುದು, ಉಳಿದವರು ಸೊಲ್ಲು ಕೊಡುವುದು. ನಿಂದಕ್ಕೆ ಸೊಲ್ಲು ಯಾರು ಕೊಡ್ತಾರೆ?"

"ಪ್ರಶಾಂತ."

ಅಮ್ಮ ಮೀನಿನ ತಲೆ ಸ್ವಲ್ಪ ಜೋರಾಗಿಯೇ ಕತ್ತರಿಸಿದಳು.

ಜನವರಿ 25

ರಿಹರ್ಸಲ್. ಅವನ ಮುಖ ನೋಡಿಕೊಂಡೇ ಹಾಡಿದೆ. ಬೆವರಲೂ ಇಲ್ಲ. "ಸ್ಲೋ ಮಾಡುವಾ?" ಎಂದ. ಆಮೇಲೆ ನುಡಿಸಿದ...

ದೇವರೇ, ಎಷ್ಟು ಚೆಂದ ನುಡಿಸಿದ. ತಪ್ಪಾಯಿತು ಎಂದ ಹಾಗೆ, ಕಾಲಿಗೆ ಬಿದ್ದ ಹಾಗೆ. ನನಗೆ ಅಳು ಬಂತು. ಅತ್ತಿದ್ದಕ್ಕೆ ಮೈಯೆಲ್ಲ ಉರಿಯಿತು.

"ಹರಿಣಿ, ನಿನ್ನ ವಾಯ್ಸ್ ಈಗ ಬಂತು ನೋಡು," ಎಂದ.

ಗಂಡ ಬಿಟ್ಟ ಮೇಲೆ ಸ್ವರ ಬಂತಂತೆ. ಮೊದಲೇ ಗೊತ್ತಿದ್ದರೆ ನಾನೇ ಹೊರಗೆ ಹಾಕುತ್ತಿದ್ದೆ.

ಫೆಬ್ರವರಿ 9, ಭಾನುವಾರ

ಹಾಡಿದೆ. ಎರಡನೇ ಸಾಲಿಗೆ ಫೋರ್ಕುಗಳ ಸದ್ದು ನಿಂತಿತು. ಆಮೇಲೆ ಒಬ್ಬ ಗುಜರಾತಿ ಅಜ್ಜಿ ಬಂದು ಕೈ ಹಿಡಿದುಕೊಂಡರು. "ಲಫ್ಜ್ ಏಕ್ ನಹೀಂ ಸಮ್ಝಾ ಬೇಟಾ. ಬಾಕಿ ಸಬ್ ಸಮಝ್ ಗಯೀ." ಮಾತು ಒಂದೂ ತಿಳಿಯಲಿಲ್ಲವಂತೆ, ಉಳಿದದ್ದೆಲ್ಲ ತಿಳಿಯಿತಂತೆ. ಬಿಡಲೇ ಇಲ್ಲ ಕೈಯನ್ನು. ಅವರನ್ನು ಯಾರು ಬಿಟ್ಟುಹೋಗಿದ್ದರೋ, ಕೇಳಲಿಲ್ಲ. ಅವರ ಕೈ ತಣ್ಣಗಿತ್ತು.

ಲಿಫ್ಟ್‌ನಲ್ಲಿ ನಾನು, ಪ್ರಶಾಂತ, ಇಬ್ಬರೇ. ಕೇಳಿಬಿಟ್ಟೆ. "ಯಾಕೆ ಹೋದೆ?"

"ಗಿಟಾರಲ್ಲಿ ಹೇಳಿದೆ ಅಲ್ವಾ."

ಗ್ರೌಂಡ್ ಫ್ಲೋರ್ ಬಂತು. ಇಳಿದು ಹೋದ.

ಫೆಬ್ರವರಿ 11

ಅಮ್ಮನಿಗೆ ಹೇಳಿದೆ. ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. ನಂತರ — "ಕಳ್ಳ ಸೊಲ್ಲು ಕೊಡುವವಳು ನಮ್ಮಲ್ಲೂ ಒಬ್ಬಳಿದ್ದಳು. ಬಾಯಲ್ಲಿ ರಾಗ, ಕೈಯಲ್ಲಿ ನೆಡುವ ನೇಜಿ ಒಂದೂ ಇಲ್ಲ. ಅವಳ ಸೊಲ್ಲು ಬೇಡ ಅಂತ ಮಾಡಿದ್ದೆವು. ಅವಳು ಹಾಡು ಎತ್ತುವ ಸರದಿ ಬಂದಾಗ ಎಲ್ಲರೂ ಚುಪ್. ಅವಳ ಕಳ್ಳತನ ಇಡೀ ಗದ್ದೆಗೆ ಗೊತ್ತಾಗ್ತಿತ್ತು."

ಮಾರ್ಚ್ 2, ಭಾನುವಾರ

ಇಂದು ಮೊದಲ ಸಾಲು ಮುಗಿದ ಕೂಡಲೇ ಕೈ ಚಾಚಿ ಅವನ ತಂತಿಗಳ ಮೇಲೆ ಇಟ್ಟೆ. ಎದ್ದ ಸ್ವರ ಅಲ್ಲೇ ಸತ್ತಿತು. ಉತ್ತರದ ಜಾಗ ಖಾಲಿ. ಎಸಿ ಸದ್ದು ಮಾತ್ರ.

ಮತ್ತೆ ಅದೇ ಸಾಲು. ಕೈ ತೆಗೆಯಲಿಲ್ಲ. ಅವನ ಕಡೆ ತಿರುಗಿ ಕಾದೆ. ಈಗ ಗಿಟಾರ್ ಇಲ್ಲ, ಬಾಯಿ ಇದೆ. ಏನಾದರೂ ಹೇಳು. ಬೇರೆ ಹೆಂಗಸು ಎನ್ನು, ನನ್ನ ಅಡುಗೆ ಸರಿಯಿಲ್ಲ ಎನ್ನು, ಸುಳ್ಳಾದರೂ ಹೇಳು.

ಬಾಗಿದ. ಕಿವಿಯ ಹತ್ತಿರ ಬಂದ.

"ಹಾಡಿನ ಟೆಂಪೋ ತಪ್ಪಿ ಹೋಗ್ತಾ ಉಂಟು, ಹರಿಣಿ."

ಆರು ವರ್ಷದ ಸಂಸಾರ. ಟೆಂಪೋ.

ಮೂರನೇ ಸಾಲು ಹಾಡಲಿಲ್ಲ. ಕೆಳಗಿಳಿದು ನೇರ ಸ್ಟೇಷನ್‌ಗೆ ಬಂದೆ.

ಮಾರ್ಚ್ 3, ಸಂಜೆ

ಪ್ರೀತಮ್ ಫೋನ್. "ಮ್ಯಾಡಮ್, ವೋ ಹಾಥ್ ರಖ್ನೇವಾಲಾ... ತಂತಿ ಮೇಲೆ ಕೈ ಇಟ್ರಲ್ಲ, ಸೂಪರ್ ಇತ್ತು. ಜನ ರೋ ಪಡೇ, ಅತ್ತೇಬಿಟ್ರು. ಎವ್ರಿ ಸಂಡೇ ಹಾಗೇ ಮಾಡಿ. ಪ್ರಶಾಂತ್ ಓಕೆ ಅಂದಿದಾನೆ."

ಓಕೆ ಅಂದಿದ್ದಾನೆ. ಇದಕ್ಕೆ ಮಾತ್ರ ಬಾಯಿ ಬಂತು.

"ಪೋಸ್ಟರ್ ಹರಿದು ಹಾಕಿ, ನಾನು ಬರುವುದಿಲ್ಲ," ಎಂದೆ. ಫೋನ್ ಇಟ್ಟೆ. ಹಾಡಲು ಇನ್ನು ಎಲ್ಲಿ ಹೋಗಲಿ, ಗೊತ್ತಿಲ್ಲ.

ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಾ ಗೊತ್ತಿಲ್ಲದೆ ಮೊದಲ ಸಾಲು ಬಾಯಿಗೆ ಬಂತು. ಜಾಗ ಬಿಟ್ಟೆ, ಅಭ್ಯಾಸ. ಒಲೆಯ ಕಡೆಯಿಂದ, ತಿರುಗಿಯೂ ನೋಡದೆ, ಅಮ್ಮ ಸೊಲ್ಲು ಕೊಟ್ಟಳು. ಒಡೆದ ಗಂಟಲು, ಶ್ರುತಿ ಎಲ್ಲೋ. ಎರಡನೇ ಸಲ ಹಾಡಿದೆ. ಮತ್ತೆ ಕೊಟ್ಟಳು. ಮೂರನೆಯ ಸಾಲು ಈಗ ಹೊಸತಾಗಿ ಬರೆಯುತ್ತಿದ್ದೇನೆ —